ನಗಬೇಡಿ ಮಾಮನ ಬಿಳಿ ಗೋಡೆ

ಗಡಿಯಾರ ಮತ್ತೆ ಮೊಳೆ ಹತ್ತಿತ್ತು. ಮುಖ ತೊಳೆದು ಹೊರಬಂದ ಫೋಟೊಗ್ರಾಫರ್ ಅದನ್ನು ನೋಡಿದರು. ಅಡುಗೆಮನೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಇಳಿಸಿದರು. ಮೊಳೆಯನ್ನೂ ಕಿತ್ತು ಜೇಬಿಗೆ ಹಾಕಿಕೊಂಡರು. ತೂತಿಗೆ ಬೆರಳ ತುದಿಯಿಂದ ಪುಟ್ಟಿ ಮೆತ್ತುತ್ತಿರುವಾಗ ಒಳಗಿನಿಂದ ಹೆಂಡತಿಯ ದನಿ ಬಂತು.

"ರೀ, ಗಂಟೆ ಎಷ್ಟಾಯ್ತು?"

"ಎಂಟೂ ಕಾಲು."

"ಗೋಡೆ ನೋಡಿ ಹೇಳ್ತಿದ್ದೀರಾ, ಗಡಿಯಾರ ಕಂಕುಳಲ್ಲಿ ಇಟ್ಕೊಂಡು ಹೇಳ್ತಿದ್ದೀರಾ?"

ಗಡಿಯಾರ ಕಂಕುಳಲ್ಲೇ ಇತ್ತು.

"ಈ ಗೋಡೆ ಖಾಲಿ ಇರ್ಬೇಕು ಕಣೇ. ಈಗ ಎಲ್ಲ ಕಡೆ ಹಾಗೇ. ಗೋಡೆ ಉಸಿರಾಡ್ಬೇಕು."

"ಇಷ್ಟು ವರ್ಷ ಉಸಿರು ಬಿಗಿಹಿಡ್ಕೊಂಡೇ ಇತ್ತಲ್ಲ, ಪ್ರಾಣ ಬಿಡ್ತಾ?"

ಅವರು ಪುಟ್ಟಿಯ ಮೇಲೆ ಇನ್ನೊಮ್ಮೆ ಬೆರಳಾಡಿಸಿ ನುಣುಪು ಮಾಡಿದರು.

ಬೀದಿಯ ಮೂಲೆಯ ಸ್ಟುಡಿಯೊ ಅವರದು. ಮದುವೆ ಮುಂಜಿಯ ಫೋಟೊಗಳೆಲ್ಲ ದೊಡ್ಡ ಕ್ಯಾಮೆರಾದ ಹುಡುಗರ ಪಾಲಾದ ಮೇಲೆ ಅವರಿಗೆ ಉಳಿದದ್ದು ಪಾಸ್‌ಪೋರ್ಟ್ ಫೋಟೊ ಒಂದೇ. ಸುತ್ತಮುತ್ತಲಿನವರು ಗುರುತಿನ ಚೀಟಿಯಲ್ಲಿ ಹೇಗೆ ಕಾಣುತ್ತಾರೋ ಅದಕ್ಕೆಲ್ಲ ಅವರೇ ಹೊಣೆ. ಸ್ಟೂಲಿನ ಮೇಲೆ ಕೂತವರಿಗೆ ಅವರು ಹೇಳುವುದು ಮೂರೇ ಮಾತು: ಗಲ್ಲ ಕೆಳಗೆ, ಕಿವಿ ಕಾಣಲಿ, ನಗಬೇಡಿ. ಮಕ್ಕಳು ಇದನ್ನೇ ಹಿಡಿದು ಅವರಿಗೆ 'ನಗಬೇಡಿ ಮಾಮ' ಎಂದು ಹೆಸರಿಟ್ಟಿದ್ದರು. ಮಕ್ಕಳು ದೊಡ್ಡವರಾದರು, ಅವರ ಮಕ್ಕಳೂ ಬಂದು ಅದೇ ಸ್ಟೂಲಿನ ಮೇಲೆ ಕೂತು ನಗು ತಡೆದುಕೊಂಡರು. ಹೆಸರು ಮಾತ್ರ ಹಾಗೇ ಉಳಿಯಿತು.

ಈಗ ಆ ಸ್ಟೂಲಿಗೇ ಜಾಗವಿಲ್ಲದಂತಾಗಿತ್ತು. ಕಟ್ಟಡದ ಮಾಲೀಕರು ಅಂಗಡಿಯನ್ನು ತಮ್ಮ ಅಳಿಯನಿಗೆ ಬಿಟ್ಟುಕೊಡಬೇಕೆಂದು ತೀರ್ಮಾನಿಸಿದ್ದರು. ತಿಂಗಳ ಕೊನೆಗೆ ಬೀಗದ ಕೈ ಕೊಡಬೇಕು. ಹೊಸ ಅಂಗಡಿ ಹಿಡಿಯುವ ವಯಸ್ಸೂ ಅವರದಲ್ಲ, ತಾಕತ್ತೂ ಇಲ್ಲ. ಒಂದೋ ಕ್ಯಾಮೆರಾ ಪೆಟ್ಟಿಗೆಗೆ ಹಾಕಿ ಕೈಕಟ್ಟಿ ಕೂರಬೇಕು, ಇಲ್ಲವೇ ಮನೆಯ ಹಾಲನ್ನೇ ಸ್ಟುಡಿಯೊ ಮಾಡಿಕೊಳ್ಳಬೇಕು.

ಹಾಲು ಹೆಂಡತಿಯ ಸಾಮ್ರಾಜ್ಯ. ಹಿಂದೊಮ್ಮೆ ಗಿರಾಕಿಯೊಬ್ಬ ಫೋಟೊ ಒಯ್ಯಲು ಮನೆಗೇ ಬಂದು, ಒದ್ದೆ ಕೊಡೆಯನ್ನು ಸೋಫಾದ ಮೇಲಿಟ್ಟಿದ್ದ. ಅವತ್ತೇ ಆಜ್ಞೆ ಹೊರಟಿತ್ತು: "ಅಂಗಡಿ ಅಂಗಡೀಲಿರ್ಲಿ, ಮನೆ ಮನೆ ಥರ ಇರ್ಲಿ." ಆಮೇಲೆ ಅದರ ಸುದ್ದಿ ಎತ್ತುವ ಧೈರ್ಯ ಫೋಟೊಗ್ರಾಫರರಿಗೆ ಬಂದಿರಲಿಲ್ಲ. ಸಾವಿರಾರು ಮುಖಗಳ ಗಲ್ಲ ಕೆಳಗಿಳಿಸಿದ ಮನುಷ್ಯ, ಮನೆಯಲ್ಲಿ ಮಾತ್ರ ತಮ್ಮದೇ ಗಲ್ಲ ಇಳಿಸಿಕೊಂಡು ಓಡಾಡುತ್ತಿದ್ದರು.

ದಾರಿ ತೋರಿಸಿದ್ದು ಹೆಂಡತಿಯ ಹೊಲಿಗೆ ಯಂತ್ರ. ಆಕೆ ಪರದೆ ಹೊಲಿಯುವವರು. ಊರಿನವರ ಹಾಲುಗಳನ್ನೆಲ್ಲ ಅಳತೆ ಹಿಡಿದು ಬಲ್ಲವರು. ಯಂತ್ರದ ಮುಚ್ಚಳದ ಒಳಗೆ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರ ಅಂಟಿಸಿಕೊಂಡಿದ್ದರು: ಪುಟ್ಟದೊಂದು ಹಾಲು, ಬೂದು ಬಣ್ಣದ ಗೋಡೆಗಳು, ಒಂದು ಗೋಡೆ ಮಾತ್ರ ಬಿಳಿ, ಸೋಫಾದ ಹಿಂದಿನ ಬೂದು ಗೋಡೆಯ ಮೇಲೆ ಬಿಳಿ ಪಟ್ಟಿಯ ಚೌಕಟ್ಟುಗಳು. ಅಂಥ ಹಾಲು ಬೇಕೆಂದು ಆಕೆ ಕೇಳುತ್ತಲೇ ಇದ್ದರು, ಇವರು "ನೋಡೋಣ" ಅನ್ನುತ್ತಲೇ ಇದ್ದರು. ಮನೆಯ ಗೋಡೆಗಳು ಮಾತ್ರ ಗಿಳಿಹಸಿರಾಗಿಯೇ ಇದ್ದವು. ಅವುಗಳ ನಡುವೆ ಯಾರನ್ನು ನಿಲ್ಲಿಸಿ ಫೋಟೊ ತೆಗೆದರೂ ಕೆನ್ನೆಗೆ ಹಸಿರು ಹೊಡೆದು, ಒಂದು ವಾರ ಆಸ್ಪತ್ರೆಯಲ್ಲಿದ್ದು ಬಂದವರ ಹಾಗೆ ಕಾಣುತ್ತಿದ್ದರು.

ಬೂದು ಬಣ್ಣಕ್ಕೆ ಆ ಚಾಳಿಯಿಲ್ಲ. ಅದು ಯಾರ ಕೆನ್ನೆಯ ತಂಟೆಗೂ ಹೋಗುವುದಿಲ್ಲ. ಬಿಳಿ ಗೋಡೆಯಂತೂ ಪಾಸ್‌ಪೋರ್ಟ್ ಫೋಟೊಗೆ ಬೇಕೇ ಬೇಕು. ಒಂದು ಸಂಜೆ ಆ ಚಿತ್ರ ಕಣ್ಣಿಗೆ ಬಿದ್ದಾಗ, ಹಾವೂ ಸಾಯದ ಕೋಲೂ ಮುರಿಯದ ಉಪಾಯ ಅವರಿಗೆ ಹೊಳೆಯಿತು.

"ಅಲ್ವೇ, ಈ ಚಿತ್ರದಲ್ಲಿರೋ ಹಾಗೇ ನಮ್ಮ ಹಾಲು ಮಾಡಿಬಿಡೋಣ್ವಾ?"

ಹೆಂಡತಿ ಕತ್ತರಿ ಕೆಳಗಿಟ್ಟು, ಎದ್ದು ಬಂದು ಅವರ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ.

ಬಣ್ಣದ ಅಂಗಡಿಯಲ್ಲಿ ಅವರು ಬಣ್ಣದ ಚೀಟಿಗಳನ್ನು ಒಂದೊಂದಾಗಿ ಬಾಗಿಲ ಬೆಳಕಿಗೆ ಒಯ್ದು ನೋಡಿದರು. ಇದರಲ್ಲಿ ನೀಲಿ ಸೇರಿದೆ, ಅದರಲ್ಲಿ ನೇರಳೆ ಇದೆ ಎಂದು ತಳ್ಳಿಹಾಕಿದರು. "ಅಳಿಯನ್ನ ಆರಿಸೋರೂ ಇಷ್ಟು ನೋಡಲ್ಲ ಸಾರ್," ಅಂದರು ಅಂಗಡಿಯವರು. ಪಕ್ಕದಲ್ಲಿ ನಿಂತಿದ್ದ ಹೆಂಡತಿಗೆ ಹೆಮ್ಮೆಯೋ ಹೆಮ್ಮೆ. ಗಂಡ ಮನೆಗಾಗಿ ಇಷ್ಟು ತಲೆ ಕೆಡಿಸಿಕೊಂಡಿದ್ದನ್ನು ಆಕೆ ಕಂಡಿದ್ದು ಅದೇ ಮೊದಲು.

ಗೋಡೆಗಳನ್ನು ಬಳಿದವರು ಪೇಂಟರ್. ಸೋಫಾದ ಹಿಂದಿನ ಬಿಳಿ ಚೌಕಟ್ಟುಗಳನ್ನು ಮಾತ್ರ ಫೋಟೊಗ್ರಾಫರರೇ ಹಟ ಹಿಡಿದು ಮಾಡಿದರು. ಟೇಪು ಅಂಟಿಸಿ, ಗೆರೆ ಎಳೆದು, ಸಣ್ಣ ಕುಂಚದಿಂದ ಇಡೀ ಭಾನುವಾರ ಬಗ್ಗಿ ಬಗ್ಗಿ ಬಳಿದರು. ಸೋಮವಾರ ಸೊಂಟ ಏಳಲಿಲ್ಲ. ಹೆಂಡತಿ ಮುಲಾಮು ಹಚ್ಚಿದರು.

ಆಮೇಲಿನದೆಲ್ಲ ಹೆಂಡತಿಗೆ ಸ್ವಲ್ಪ ವಿಚಿತ್ರವೆನಿಸಿತು. ಆಕೆ ಕಿಟಕಿಗೆ ದಪ್ಪ ಬೂದು ಬಟ್ಟೆ ತಂದರೆ, ಇವರು ತೆಳು ಬಿಳಿಯೇ ಆಗಬೇಕೆಂದರು. ಸೋಫಾವನ್ನು ಬಿಳಿ ಗೋಡೆಯಿಂದ ದೂರ ತಳ್ಳಿದರು. ಒಂದು ದಿನ ಅಂಗಡಿಯಿಂದ ಸ್ಟೂಲು ಹೊತ್ತು ತಂದು ಗೋಡೆಯ ಮುಂದಿಟ್ಟರು.

"ಇದ್ಯಾಕೆ?"

"ಹೂವಿನ ಕುಂಡ ಇಡೋಕೆ."

"ಕುಂಡ ಎಲ್ಲಿ?"

"ಬರುತ್ತೆ."

ಕುಂಡ ಬರಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಲೇ ಇತ್ತು. ತಿಂಗಳ ಕೊನೆ ಮಾತ್ರ ಹತ್ತಿರ ಬರುತ್ತಿತ್ತು. ಅಂಗಡಿ ಬಿಡಬೇಕಾದ ಸುದ್ದಿ ಹೆಂಡತಿಗೆ ಇವತ್ತು ಹೇಳಿಬಿಡೋಣ ಎಂದು ಅವರು ಬೆಳಿಗ್ಗೆ ನಿರ್ಧರಿಸುತ್ತಿದ್ದರು, ಸಂಜೆ ನಾಳೆಗೆ ಮುಂದೂಡುತ್ತಿದ್ದರು.

ಗಡಿಯಾರ ಇಳಿಸಿದ ಆ ದಿನವೇ ಮಧ್ಯಾಹ್ನ ಹೆಂಡತಿಯ ಅಕ್ಕ ಹಾಲು ನೋಡಲು ಬಂದರು. ದಪ್ಪನೆಯ, ಎಲ್ಲದಕ್ಕೂ ನಗುವ ಹೆಂಗಸು. ಬಾಗಿಲಲ್ಲೇ ನಿಂತು ಬಾಯಿ ತುಂಬ ಹೊಗಳಿದರು.

"ಅಯ್ಯೋ, ಡಾಕ್ಟರ್ ಮನೆ ಇದ್ದಂಗಿದೆಯಲ್ಲೇ! ನಿಮ್ಮೋರಿಗೆ ಈ ಬುದ್ಧಿ ಯಾವಾಗ ಬಂತು?"

"ಅದೇ ನನಗೂ ಅನುಮಾನ," ಅಂದರು ತಂಗಿ.

ಸೋಫಾ ತುಂಬ ಹೊಲಿದ ಪರದೆಗಳ ರಾಶಿ. ಅಕ್ಕ ಹೋಗಿ ಸ್ಟೂಲಿನ ಮೇಲೆ ಕೂತರು. ಹಿಂದೆ ಬಿಳಿ ಗೋಡೆ, ತೆಳು ಪರದೆಯಿಂದ ಸೋಸಿದ ಬೆಳಕು, ಮುಖದ ಮೇಲೆ ಎಲ್ಲೂ ಒಂದು ನೆರಳಿಲ್ಲ. ಫೋಟೊಗ್ರಾಫರರು ಕಣ್ಣು ಕಿರಿದು ಮಾಡಿದರು. ಎರಡು ಹೆಜ್ಜೆ ಹಿಂದೆ ಸರಿದರು. ಮುಂದಿನದು ಅವರ ಹತೋಟಿಯಲ್ಲಿರಲಿಲ್ಲ.

"ಅಕ್ಕಾ, ಗಲ್ಲ ಸ್ವಲ್ಪ ಕೆಳಗೆ. ಕೂದಲು ಹಿಂದಕ್ಕೆ ಮಾಡಿ, ಕಿವಿ ಕಾಣಲಿ. ನಗಬೇಡಿ."

ಅಕ್ಕ ಗಲ್ಲ ಇಳಿಸಿದರು, ಕಿವಿ ತೋರಿಸಿದರು. ಆಮೇಲೆ ತಂಗಿಯ ಕಡೆ ನೋಡಿದರು. "ಇವರಿಗೇನಾಯ್ತೇ?"

ತಂಗಿ ಬಿಳಿ ಗೋಡೆ ನೋಡಿದರು, ಪರದೆ ನೋಡಿದರು, ಅಕ್ಕನ ಕೆಳಗಿನ ಸ್ಟೂಲು ನೋಡಿದರು. ಕೊನೆಗೆ ಗಂಡನನ್ನು ನೋಡಿದರು.

"ಅಂಗಡಿ ಯಾವಾಗ ಖಾಲಿ ಮಾಡ್ಬೇಕು?"

ಫೋಟೊಗ್ರಾಫರರ ಕಿವಿ ಎರಡೂ ಚೆನ್ನಾಗಿ ಕಾಣುತ್ತಿದ್ದವು, ಕೆಂಪಗೆ.

"ತಿಂಗಳ ಕೊನೆಗೆ."

"ಹೇಳೋಕೆ ಬಾಯಿರ್ಲಿಲ್ವಾ?"

"ನೀನು ಬೇಡ ಅಂದ್ರೆ... ನನಗೆ ಬೇರೆ ಕೆಲಸ ಬರಲ್ವಲ್ಲೇ."

ಅಕ್ಕ ಸ್ಟೂಲಿನಿಂದ ಏಳಬೇಕೋ ಕೂರಬೇಕೋ ತಿಳಿಯದೆ ಗಲ್ಲ ಕೆಳಗಿಟ್ಟುಕೊಂಡೇ ಇದ್ದರು. ಹೆಂಡತಿ ಪರದೆಯೊಂದನ್ನು ಎತ್ತಿ ಮಡಿಸತೊಡಗಿದರು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದರು.

"ನಾನು ಹುಚ್ಚಿ. ನನಗೋಸ್ಕರ ಮಾಡ್ಸಿದ್ರು ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದೆ. ಬಿಳಿ ಗೋಡೆ ಗಿರಾಕಿಗೆ. ಬೂದು ಯಾರಿಗೆ?"

"ಅದೂ ಗಿರಾಕಿಗೇ. ಮುಖಕ್ಕೆ ಬಣ್ಣ ಹೊಡೆಯಲ್ಲ ಅಂತ."

"ಪರದೆ?"

"ಬೆಳಕಿಗೆ."

"ಆ ಚೌಕಟ್ಟು?" ಆಕೆ ಸೋಫಾದ ಹಿಂದಿನ ಗೋಡೆಗೆ ಬೆರಳು ತೋರಿಸಿದರು. "ಅದು ಯಾವ ಫೋಟೊದಲ್ಲಿ ಬರುತ್ತೆ?"

"ಯಾವುದರಲ್ಲೂ ಬರಲ್ಲ. ಅದು ಕ್ಯಾಮೆರಾ ಬೆನ್ನಿಗಿರೋ ಗೋಡೆ." ಅವರು ಸೊಂಟ ಸವರಿಕೊಂಡರು. "ಅದು ನಿನ್ನ ಚಿತ್ರದಲ್ಲಿತ್ತಲ್ಲ, ಅದಕ್ಕೆ."

ಹೆಂಡತಿ ಚೌಕಟ್ಟುಗಳನ್ನು ನೋಡಿದರು. ಎಡಗಡೆಯದು ಸ್ವಲ್ಪ ಸೊಟ್ಟ. ಅದು ಮೊದಲ ದಿನದಿಂದಲೂ ಆಕೆಯ ಕಣ್ಣಿಗೆ ಬಿದ್ದಿತ್ತು, ಪರದೆ ಹೊಲಿಯುವವರಿಗೆ ಬೀಳದೆ ಇರುತ್ತದೆಯೇ? ಆದರೆ ಮುಲಾಮು ಹಚ್ಚುವಾಗ ಹೇಳಲು ಮನಸ್ಸು ಬಂದಿರಲಿಲ್ಲ.

"ಸೊಟ್ಟ ಇದೆ," ಅಂದರು ಈಗ.

"ಎಲ್ಲಿ?"

"ಊರಿನವರ ತಲೆಯೆಲ್ಲ ನೆಟ್ಟಗೆ ಮಾಡ್ತೀರಿ, ಒಂದು ಗೆರೆ ನೆಟ್ಟಗೆ ಎಳೆಯೋಕೆ ಬರಲ್ಲ."

ಅಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಸ್ಟೂಲಿನ ಮೇಲೆ ಕೂತಲ್ಲೇ ಹೊಟ್ಟೆ ಹಿಡಿದು ನಕ್ಕರು. ತಂಗಿಯ ತುಟಿಯೂ ಅಲುಗಿತು, ಅದನ್ನು ಮುಚ್ಚಿಕೊಳ್ಳಲು ಆಕೆ ಜೋರು ದನಿಯಲ್ಲಿ ಷರತ್ತು ಹೇಳತೊಡಗಿದರು. ಚಪ್ಪಲಿ, ಕೊಡೆ ಹೊರಗೆ. ಕಾಯುವವರು ಜಗಲಿಯ ಬೆಂಚಿನ ಮೇಲೆ. ಸಂಜೆ ದೀಪ ಹಾಕಿದ ಮೇಲೆ ಯಾರೂ ಒಳಗೆ ಕಾಲಿಡುವಂತಿಲ್ಲ. ಭಾನುವಾರ ಹಾಲು ಪೂರ್ತಿ ತನ್ನದು. ಗಡಿಯಾರ ಸೋಫಾದ ಹಿಂದೆ, ಸೊಟ್ಟ ಚೌಕಟ್ಟಿನ ಒಳಗೆ.

"ಇನ್ನೊಂದು ಸಲ ನನ್ನ ಹತ್ರ ಏನಾದ್ರೂ ಮುಚ್ಚಿಟ್ರೆ, ಮತ್ತೆ ಗಿಳಿಹಸಿರೇ."

ಫೋಟೊಗ್ರಾಫರರು ಜೇಬಿನಿಂದ ಬೆಳಗಿನ ಮೊಳೆ ತೆಗೆದು ಹೆಂಡತಿಯ ಕೈಗಿಟ್ಟರು. ಆಕೆ ಸುತ್ತಿಗೆ ತಂದರು. ಮೊಳೆ ಹೊಡೆದವರು ಆಕೆಯೇ, ಗಡಿಯಾರ ತೂಗುಹಾಕಿದವರೂ ಆಕೆಯೇ. ಅದು ನೆಟ್ಟಗೆ ತೂಗಿದ್ದರಿಂದ ಚೌಕಟ್ಟಿನ ಸೊಟ್ಟ ಇನ್ನಷ್ಟು ಎದ್ದು ಕಂಡಿತು.

ತಿಂಗಳ ಕೊನೆಯ ದಿನ ಸ್ಟುಡಿಯೊದ ಬೋರ್ಡು ಇಳಿದು ಮನೆಯ ಗೇಟಿಗೆ ಬರುತ್ತದೆ. ಮರುದಿನ ಬೆಳಿಗ್ಗೆ ಮೊದಲ ಗಿರಾಕಿ ಹೆಂಡತಿಯ ಅಕ್ಕ. ಅವರ ಬಸ್ ಪಾಸಿಗೆ ಹೊಸ ಫೋಟೊ ಬೇಕಾಗಿದೆ, ಮತ್ತು ನಗುವುದಾಗಿ ಈಗಲೇ ಹೇಳಿ ಹೋಗಿದ್ದಾರೆ.