ಉರಿಗಾಂನಲ್ಲಿ ನಾನು ಲೀಡರಮ್ಮ ಆದದ್ದು

ಗೆಳತಿಯರೇ, ಗೆಳೆಯರೇ, ಇವತ್ತು ಏನಾಯ್ತು ಅಂತ ನನಗೇ ಇನ್ನೂ ಸರಿಯಾಗಿ ಅರ್ಥವಾಗಿಲ್ಲ. ನಾನು ಎಂ.ಎಡ್.ಗೆ ಓದ್ತಿರೋದು ಶಾಲಾ ಮುಖ್ಯೋಪಾಧ್ಯಾಯರ ನಾಯಕತ್ವದ ಬಗ್ಗೆ. ಅದಕ್ಕೇ ಶಾಲೆ ಮಕ್ಕಳ ತಂದೆತಾಯಿಯರನ್ನು ಮಾತಾಡಿಸೋಣ ಅಂತ ಬಂಗಾರಪೇಟೆಯಲ್ಲಿ ರೈಲು ಹತ್ತಿ ಉರಿಗಾಂನ ಗಣಿ ಕಾರ್ಮಿಕರ ಮನೆಗಳ ಕಡೆ ಹೋದೆ.

ಮೊದಲ ಮನೆಯ ಮುನಿಯಮ್ಮನಿಗೆ ಸುಲಭವಾಗಿ ಅರ್ಥವಾಗಲಿ ಅಂತ, "ಲೀಡರ್ ಆಗೋದು ಹೇಗೆ ಅಂತ ಓದ್ತಿದೀನಿ" ಅಂದೆ. ಆಕೆ ಬೀದಿಗೆ ಬಂದು ಕೂಗಿದರು: "ಬನ್ರೇ, ಯೂನಿಯನ್ ಲೀಡರಮ್ಮ ಬಂದವ್ರೆ!"

ಖಾಲಿ ಬಿಂದಿಗೆ ಹಿಡಿದು ಹೆಂಗಸರು ಸೇರಿದರು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ದೂರು ಒಂದೇ: ನಲ್ಲಿಯಲ್ಲಿ ನೀರಿಲ್ಲ.

"ಅಮ್ಮಾ, ನಾನು ಬರೀ ಸ್ಟೂಡೆಂಟು."

"ಓದಿರೋ ಲೀಡರಾದ್ರೆ ಇನ್ನೂ ಒಳ್ಳೇದಾತು, ನಡೀರಿ!"

ನೀರು ಬಿಡುವ ಮೇಸ್ತ್ರಿಯ ಮುಂದೆ ನನ್ನನ್ನೇ ನಿಲ್ಲಿಸಿದರು. "ನೀರು..." ಅಂತ ತೊದಲಿದ್ದೇ ತಡ, ಆತ ಎದ್ದು ನಿಂತು, "ಈಗ್ಲೇ ಬಿಡಿಸ್ತೀನಿ ಮೇಡಂ" ಅಂದ. ಬಿಡಿಸಿಯೂ ಬಿಟ್ಟ!

ಶಾಲೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ವಾಪಸ್ ಹೊರಟೆ. ನಾಳೆ ಪ್ರೊಫೆಸರ್‌ಗೆ ಏನಂತ ಹೇಳಲಿ? ಮುನಿಯಮ್ಮ ಬೇರೆ ಸ್ಟೇಷನ್‌ವರೆಗೂ ಬಂದು ಕೇಳಿದರು: "ಇನ್ನೆಷ್ಟು ವರ್ಷ ಓದ್ತೀರಮ್ಮಾ? ಬೇಗ ಮುಗಿಸ್ಕಂಡು ಬನ್ನಿ, ನಮ್ ಬೀದಿ ದೀಪಾನೂ ಕೆಟ್ಟೋಗೈತೆ."