ದೊಡ್ಡ ಸೂಜಿ ತನ್ನಿ ಡಾಕ್ಟ್ರೇ

ನಮ್ಮ ಮನೆಯಲ್ಲಿ ನಾಲ್ಕೈದು ವರ್ಷ ಒಬ್ಬ ಡಾಕ್ಟರು ರಜೆಯಿಲ್ಲದೆ ದುಡಿದರು. ಅವರನ್ನು ಯಾರೂ ಕಂಡವರಿಲ್ಲ. ಮಗಳು ಅನ್ನವನ್ನು ಕೆನ್ನೆಯಲ್ಲಿ ತುಂಬಿಕೊಂಡು ಟೀವಿ ನೋಡುತ್ತ ಕೂತರೆ ನಾನು ಫೋನನ್ನು ಕಿವಿಗೆ ಹಿಡಿದು, "ಹಲೋ ಡಾಕ್ಟ್ರೇ, ಇಲ್ಲೊಬ್ಬಳು ಉಣ್ಣುದಿಲ್ಲ ಮಾರಾಯ್ರೆ. ದೊಡ್ಡ ಸೂಜಿ ತನ್ನಿ" ಎನ್ನುತ್ತಿದ್ದೆ. ಅನ್ನ ಗುಳಕ್ಕನೆ ಒಳಗೆ ಹೋಗುತ್ತಿತ್ತು. ದುಬೈಯ ಅಲ್ ಕುಸೈಸ್‌ನ ನಮ್ಮ ಬಿಲ್ಡಿಂಗಿನಲ್ಲಿ ಮೇಲಿನ ಫ್ಲ್ಯಾಟಿನವರು ಇದೇ ಕೆಲಸಕ್ಕೆ ಪೊಲೀಸರನ್ನು ಕರೆಯುತ್ತಿದ್ದರು. ನಾವು ವಿದ್ಯಾವಂತರು ನೋಡಿ, ಡಾಕ್ಟರನ್ನೇ ಕರೆಯುತ್ತಿದ್ದೆವು. ಉಡುಪಿಯಿಂದ ವಿಡಿಯೋ ಕಾಲಿನಲ್ಲಿ ಬರುವ ನನ್ನಮ್ಮನೂ ಸುಮ್ಮನಿರುತ್ತಿರಲಿಲ್ಲ. "ನಿನ್ನ ಅಮ್ಮನೂ ಹೀಗೇ ದೊಡ್ಡವಳಾದದ್ದು" ಎಂದು ಮೊಮ್ಮಗಳಿಗೆ ಸಾಕ್ಷಿ ಹೇಳುತ್ತಿದ್ದರು.

ಒಮ್ಮೆ ನಾನು ಡಾಕ್ಟರ ಜೊತೆ ಗಂಭೀರವಾಗಿ ಮಾತಾಡುತ್ತಿರುವಾಗಲೇ, ಕಿವಿಯಲ್ಲಿದ್ದ ಫೋನು ಜೋರಾಗಿ ರಿಂಗಾಯಿತು. ಆಫೀಸಿನ ಮ್ಯಾನೇಜರ್. ಮಗಳು ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆಗ ಅವಳಿಗೆ ನಾಲ್ಕು ವರ್ಷ. ಅದನ್ನು ಮನಸ್ಸಿನಲ್ಲೆಲ್ಲೋ ಬರೆದಿಟ್ಟುಕೊಂಡಳು.

ಆರು ತುಂಬಿದ ಮೇಲೆ ಕೆಳಗಿನ ಎರಡೂ ಕಡೆಯ ದವಡೆ ಹಲ್ಲು ಹುಳುಕಾದವು. ಆಗದೆ ಇನ್ನೇನು? ಗಂಟೆಗಟ್ಟಲೆ ಕೆನ್ನೆಯಲ್ಲಿ ಅನ್ನ, ಅದನ್ನು ನುಂಗಿದ್ದಕ್ಕೆ ಬಹುಮಾನವಾಗಿ ಚಾಕಲೇಟು. ಈ ಘನ ಯೋಜನೆಯೂ ನನ್ನದೇ. ಬಲಗಡೆಯ ಹಲ್ಲು ನೋವು ಶುರುವಾದಾಗ ಮನೆಯ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆವು. ಲಿಫ್ಟಿನಲ್ಲಿ ಅವಳು ಕೇಳಿದಳು, "ಅಮ್ಮಾ, ಈಸ್ ದೇರ್ ಇಂಜೆಕ್ಷನ್?"

"ಇಲ್ಲವಾ ಪುಟ್ಟೀ. ಹಲ್ಲಿನ ಫೋಟೋ ತೆಗೀತಾರೆ, ಅಷ್ಟೇ."

ಮೂರು ಮಹಡಿ ಹತ್ತುವಷ್ಟರಲ್ಲಿ ನಾನು ಹೇಳಿದ ಸುಳ್ಳು ಅದು. ಅಲ್ಲಿದ್ದ ಡಾಕ್ಟರಿಗೆ ಹೊರಗೆ ಕಾಯುವವರ ಚಿಂತೆ. ಸಿರಿಂಜನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಬಂದರು, ಮಕ್ಕಳಿಗೆ ಕಣ್ಣೇ ಇಲ್ಲ ಎಂಬ ಹಾಗೆ. ನರ್ಸ್ ತಲೆ ಹಿಡಿದಳು, ನಾನು ಕೈ ಹಿಡಿದೆ. ಹೌದು, ನಾನೇ ಹಿಡಿದೆ. ಸೂಜಿ ಒಸಡಿಗೆ ತಾಗಿದ್ದೇ ತಡ ಅವಳು ಕಿರುಚಿ, ಡಾಕ್ಟರ ಬೆರಳನ್ನು ಗ್ಲೌಸ್ ಸಮೇತ ಕಚ್ಚಿದಳು. ಅವರು ಬೆರಳು ಕೊಡವುತ್ತ "ಖಲಾಸ್" ಎಂದರು. ಇಂಥ ಮಗುವಿಗೆ ಆಸ್ಪತ್ರೆಯಲ್ಲಿ ಪೂರ್ತಿ ಮತ್ತು ಬರಿಸಿ ಕೆಲಸ ಮಾಡಿಸಬೇಕು, ಬೇರೆ ದಾರಿಯಿಲ್ಲ ಎಂದು ಚೀಟಿ ಬರೆದುಕೊಟ್ಟರು.

ಒಂದು ಹಲ್ಲಿಗಾಗಿ ಇಡೀ ಮಗುವನ್ನು ಪ್ರಜ್ಞೆ ತಪ್ಪಿಸುವುದು! ಆದರೆ ನನ್ನನ್ನು ಅದಕ್ಕಿಂತ ಹೆಚ್ಚು ಸುಟ್ಟದ್ದು ಮನೆಯಲ್ಲಿ ನಡೆದದ್ದು. ಅವತ್ತಿನಿಂದ ನನ್ನ ಮಾತಿಗೆ ಅಪ್ಪನ ಅಟೆಸ್ಟೇಶನ್ ಬೇಕಾಯಿತು. "ಸಾರಿನಲ್ಲಿ ಖಾರ ಇಲ್ಲ" ಎಂದರೆ, "ಅಪ್ಪಾ, ಈಸ್ ಇಟ್ ಟ್ರೂ?" "ನಾಳೆ ಶಾಲೆಗೆ ರಜೆ" ಎಂದರೆ, "ಅಪ್ಪಾ, ಈಸ್ ಇಟ್ ಟ್ರೂ?" ನನ್ನ ಗಂಡ ಮೈಸೂರಿನವರು, ಸಮಾಧಾನದ ಮನುಷ್ಯ. ಪೇಪರಿನಿಂದ ತಲೆ ಎತ್ತದೆ "ಹೂಂ ಕಣೇ, ನಿಜ" ಎನ್ನುತ್ತಿದ್ದರು. ಆ ಸಮಾಧಾನ ಕಂಡರೆ ನನಗೆ ಮೈ ಉರಿಯುತ್ತಿತ್ತು. ಹೆತ್ತವಳು ನಾನು, ಠಸ್ಸೆ ಒತ್ತುವವರು ಅವರು. ಬಾತ್‌ರೂಮಿನ ನಲ್ಲಿ ತಿರುಗಿಸಿ ಒಂದೆರಡು ಸಲ ಅತ್ತದ್ದೂ ಉಂಟು.

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ಮಕ್ಕಳ ಹಲ್ಲಿನ ಡಾಕ್ಟರೊಬ್ಬರಿದ್ದಾರೆ, ಬೆಂಗಳೂರಿನವರು, ನೋವಾಗದ ಹಾಗೆ ಚುಚ್ಚುತ್ತಾರೆ ಎಂದು ಆಫೀಸಿನ ಗೆಳತಿ ಹೇಳಿದಳು. ನೋವಾಗದ ಇಂಜೆಕ್ಷನ್ ಎಂದರೆ ನನಗೆ ನಗು. ಆದರೂ ಆಸ್ಪತ್ರೆಯ ಚೀಟಿಯನ್ನು ಬ್ಯಾಗಿನಲ್ಲಿಟ್ಟುಕೊಂಡೇ ಹೊರಟೆವು. ದಾರಿಯುದ್ದಕ್ಕೂ ಮಗಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳು. ದುಬೈಯಿಂದ ಅಲ್ಲಿಗೆ ತಲುಪಲು ಹಿಡಿದದ್ದಕ್ಕಿಂತ ಹಮ್ದಾನ್‌ನಲ್ಲಿ ಪಾರ್ಕಿಂಗ್ ಹುಡುಕಲು ಹಿಡಿದ ಹೊತ್ತೇ ಹೆಚ್ಚು ಎನಿಸಿತು. ಆ ನೋವಿಗೆ ಯಾರೂ ಇನ್ನೂ ಮದ್ದು ಕಂಡುಹಿಡಿದಿಲ್ಲ.

ಡಾಕ್ಟರಮ್ಮ ಐವತ್ತರ ಆಸುಪಾಸಿನವರು, ಕೂದಲಿಗೆ ಬಣ್ಣ ಹಚ್ಚದವರು. ನನ್ನನ್ನು ಬಿಟ್ಟು ನೇರವಾಗಿ ಮಗಳನ್ನೇ ಕೇಳಿದರು, "ಇಂಜೆಕ್ಷನ್ ಬಗ್ಗೆ ನಿಂಗೇನ್ ಗೊತ್ತು ಪುಟ್ಟಾ?"

ಬಾಯಿ ಮುಚ್ಚಿಕೊಂಡೇ ನೂರೈವತ್ತು ಕಿಲೋಮೀಟರು ಬಂದಿದ್ದ ಮಗು, ಆಗ ಬಾಯಿ ಬಿಟ್ಟಿತು. "ಇಫ್ ಯೂ ಡೋಂಟ್ ಈಟ್, ಡಾಕ್ಟರ್ ವಿಲ್ ಕಮ್ ವಿತ್ ದೊಡ್ಡ ಸೂಜಿ. ಇಫ್ ಯೂ ಡೋಂಟ್ ಸ್ಲೀಪ್, ಸೂಜಿ. ಇಫ್ ಯೂ ಡೋಂಟ್ ವೇರ್ ಸಾಕ್ಸ್, ಸೂಜಿ. ಅಮ್ಮ ಕಾಲ್ಸ್ ಹಿಮ್. ಬಟ್ ಒನ್ಸ್ ದ ಫೋನ್ ರ‍್ಯಾಂಗ್." ನೆಲ ಬಿರಿಯಬಾರದೇ ಎನಿಸಿತು. ಬಿರಿಯಲಿಲ್ಲ. ಗಂಡ ಎದ್ದು, ಪಾರ್ಕಿಂಗ್ ಟೈಮ್ ಮುಗಿಯಿತೇನೋ ನೋಡಿ ಬರುತ್ತೇನೆ ಎಂದು ಇಳಿದುಹೋದರು. ಪಾರ್ಕಿಂಗನ್ನು ಫೋನಿನಲ್ಲೇ ನೋಡಬಹುದಿತ್ತು.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಅಲ್ಲಾರೀ, ಇಷ್ಟು ವರ್ಷ ಊಟದ ಜೊತೆ ಹೆದರಿಕೆ ತಿನ್ಸಿದೀರಾ. ಈಗ ನಾನು ಅದನ್ನ ಎರಡು ನಿಮಿಷದಲ್ಲಿ ತೆಗೀಬೇಕು."

"ಅದು ಹಾಗಲ್ಲ ಡಾಕ್ಟ್ರೇ, ಸುಮ್ಮನೆ ತಮಾಷೆಗೆ..." ಎಂದು ನಾನು ಬಾಯಿ ತೆರೆದೆ.

"ಮೊದ್ಲು ನಿಮ್ಮ ಬಾಯಿಗೇ ಮರಗಟ್ಟೋ ಜೆಲ್ ಹಚ್ಚಬೇಕು. ಮಗುವಿನ ಕಾಲ ಹತ್ರ ಕೂತ್ಕೊಳ್ಳಿ. ಮಾತಾಡ್ಬೇಡಿ."

ನಮ್ಮ ಮನೆಯಲ್ಲಿ ನನಗೆ ಹೀಗೆ ಹೇಳಿದವರಿರಲಿಲ್ಲ. ಕೂತೆ.

ಮಗಳು ಕೇಳಿದಳು, "ಈಸ್ ದೇರ್ ಇಂಜೆಕ್ಷನ್?" ಅದೇ ಪ್ರಶ್ನೆ.

"ಇದೆ," ಎಂದರು ಡಾಕ್ಟರಮ್ಮ. "ಸ್ವಲ್ಪ ಒತ್ತಿದ ಹಾಗೆ ಆಗುತ್ತೆ, ಸ್ವಲ್ಪ ಚುರ್ ಅನ್ನಬಹುದು. ಎಡಗೈ ಎತ್ತಿದ್ರೆ ನಿಲ್ಲಿಸ್ತೀನಿ. ಯಾಕೆ ಅಂತ ಕೇಳಲ್ಲ."

ಒಸಡನ್ನು ಹತ್ತಿಯಿಂದ ಒರೆಸಿ ಒಣಗಿಸಿ, ಬಾಳೆಹಣ್ಣಿನ ವಾಸನೆಯ ಜೆಲ್ ಹಚ್ಚಿದರು. ಆಮೇಲೆ ಗೋಡೆಯ ಗಡಿಯಾರ ನೋಡುತ್ತ ಸುಮ್ಮನೆ ಕೂತರು. ಪೂರ್ತಿ ಎರಡು ನಿಮಿಷ! ನಾನು ಎರಡು ನಿಮಿಷದಲ್ಲಿ ಮಗಳಿಗೆ ಹಲ್ಲುಜ್ಜಿಸಿ, ಸ್ನಾನ ಮಾಡಿಸಿ, ಯೂನಿಫಾರ್ಮ್ ತೊಡಿಸುವವಳು. ಮದ್ದಿನ ಪುಟ್ಟ ಗಾಜಿನ ಕೊಳವೆ ಅಷ್ಟು ಹೊತ್ತೂ ಅವರ ಮುಷ್ಟಿಯಲ್ಲಿ ಬೆಚ್ಚಗಿತ್ತು. ತಣ್ಣಗಿದ್ದರೆ ಮಕ್ಕಳು ಬೆಚ್ಚಿಬೀಳುತ್ತಾರೆ ಎಂದು ನರ್ಸ್ ಪಿಸುಗುಟ್ಟಿದಳು.

ಚುಚ್ಚುವುದು ಗೊತ್ತಾಗದಿರಲೆಂದು ಡಾಕ್ಟರಮ್ಮ ಬೆರಳಿನಿಂದ ಕೆನ್ನೆಯನ್ನು ಹಿಡಿದು ಗಡಗಡ ಅಲುಗಿಸತೊಡಗಿದರು. ಸಿರಿಂಜು ಬಾಯಿಯ ಹತ್ತಿರ ಬಂದದ್ದೇ ಮಗಳ ಎಡಗೈ ಮೇಲೆದ್ದಿತು. ಇನ್ನೂ ತಾಗಿಯೇ ಇರಲಿಲ್ಲ. ಡಾಕ್ಟರಮ್ಮ ಕೈ ಹಿಂದೆ ತೆಗೆದು ಕಾದರು. ಕೈ ಕೆಳಗಿಳಿಯಿತು, ಅವರು ಮತ್ತೆ ಬಂದರು. ಮತ್ತೆ ಕೈ ಎದ್ದಿತು. ಮತ್ತೆ ನಿಲ್ಲಿಸಿದರು. "ಏಯ್, ಸಾಕು ನಿನ್ನ ನಾಟಕ" ಎನ್ನುವ ಮಾತು ನನ್ನ ಗಂಟಲವರೆಗೆ ಬಂದಿತ್ತು. ಆಮೇಲೆ ಅವಳ ಕಣ್ಣು ನೋಡಿದೆ. ನೋವಿನ ಕಣ್ಣಲ್ಲ ಅದು. ದೊಡ್ಡವರೊಬ್ಬರು ಹೇಳಿದ ಹಾಗೆ ನಡೆದುಕೊಳ್ಳುತ್ತಾರೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಳು. ಈ ಪರೀಕ್ಷೆಯಲ್ಲಿ ನಾನು ಪಾಸಾದದ್ದು ಒಂದು ದಿನವೂ ಇರಲಿಲ್ಲ.

ಮೂರನೆಯ ಸಲ ಕೈ ಏಳಲಿಲ್ಲ. ಸೂಜಿ ಒಳಗೆ ಹೋಯಿತು. ಡಾಕ್ಟರಮ್ಮ ಹನಿ ಹನಿಯಾಗಿ, ಹಸುಗೂಸಿಗೆ ಒಳಲೆಯಲ್ಲಿ ಹಾಲು ಕುಡಿಸುವ ಹಾಗೆ ಮದ್ದು ಬಿಡುತ್ತ ಹೋದರು. ನಾನು ಮಗಳ ಕಾಲಿನ ಹೆಬ್ಬೆರಳನ್ನು ಹಿಡಿದಿದ್ದೆ. ಅದು ಒಮ್ಮೆ ಮಡಚಿತು, ಬಿಚ್ಚಿತು, ಅಷ್ಟೇ. ಅತ್ತದ್ದು ನಾನು. ನರ್ಸ್ ನನಗೇ ಟಿಶ್ಯೂ ಕೊಟ್ಟಳು.

ಬಲಗಡೆಯ ಹಲ್ಲು ಮುಗಿಯಿತು. ಆಸ್ಪತ್ರೆಯ ಚೀಟಿಯನ್ನು ಅಲ್ಲೇ ಹರಿದೆ. ಎಡಗಡೆಯದಕ್ಕೆ ಮುಂದಿನ ವಾರ ಬನ್ನಿ ಎಂದರು. ಪಾರ್ಕಿಂಗಿನ ಪಹರೆ ಮುಗಿಸಿದ ಗಂಡ ಕಾರಿನ ಹತ್ತಿರ ಸಿಕ್ಕಿ, "ಎಲ್ಲಾ ಸಲೀಸಾಯ್ತಲ್ಲ, ನಾನು ಹೇಳಿರ್ಲಿಲ್ವಾ?" ಎಂದರು. ಯಾವಾಗ ಹೇಳಿದ್ದರೋ ಆ ದೇವರಿಗೇ ಗೊತ್ತು. "ಅಮ್ಮ ತುಂಬಾ ಅತ್ಲು" ಎಂದು ಮಗಳು ಮರಗಟ್ಟಿದ ತುಟಿಯಲ್ಲಿ ವರದಿ ಒಪ್ಪಿಸಿದಳು, ಅದೂ ಕನ್ನಡದಲ್ಲಿ.

ಮುಂದಿನ ವಾರ, ಎರಡನೆಯ ಹಲ್ಲಿನ ಸರದಿಯ ಹಿಂದಿನ ದಿನ ಬೆಳಿಗ್ಗೆ. ಶಾಲೆಯ ಬಸ್ಸು ಬರಲು ಐದು ನಿಮಿಷ. ನಾನು ಅವಳ ಕೂದಲಿನ ಸಿಕ್ಕನ್ನು ಬಾಚಣಿಗೆಯಲ್ಲಿ ಎಳೆಯುತ್ತ, "ಯಲ್ಲಾ ಯಲ್ಲಾ, ಬೇಗ ಬೇಗ, ಅಲ್ಲಾಡ್ಬೇಡ" ಎಂದು ಗದರುತ್ತಿದ್ದೆ. ಅವಳ ಎಡಗೈ ಮೇಲೆದ್ದಿತು.

ನಾನು ನಿಲ್ಲಿಸಿದೆ. ಬಾಚಣಿಗೆ ಕೂದಲಲ್ಲೇ ಇತ್ತು. ಕೆಳಗೆ ಬಸ್ಸು ಹಾರ್ನ್ ಹೊಡೆಯಿತು. ನನ್ನ ಕೈ ತುರಿಸುತ್ತಿತ್ತು, ನಿಜ ಹೇಳುತ್ತೇನೆ. ಆದರೂ ನಿಂತೆ. ಅವಳ ಅಪ್ಪ ಪಕ್ಕದ ಕೋಣೆಯಲ್ಲೇ ಶೂ ಹಾಕಿಕೊಳ್ಳುತ್ತಿದ್ದರು.

ಕೈ ಕೆಳಗಿಳಿಯಿತು. ತಿರುಗದೆಯೇ ಕೇಳಿದಳು, "ಅಮ್ಮಾ, ಟುಮಾರೋ ವಿಲ್ ಇಟ್ ಪೇಯ್ನ್?"

"ಇಲ್ಲವಾ ಪುಟ್ಟೀ" ಎಂಬುದು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಕೂತಿತ್ತು. ನುಂಗಿದೆ.

"ಆಗ್ತದೆ ಮಗಾ. ಸ್ವಲ್ಪ."

ಅವಳು "ಓಕೆ" ಎಂದು ತಲೆಯನ್ನು ಮತ್ತೆ ನನ್ನ ಕೈಗೆ ಒಡ್ಡಿದಳು. ಅಪ್ಪನನ್ನು ಕೇಳಲಿಲ್ಲ.