ಬಾಯಿ ತೊಳೆದ ಟೆಲಿಫೋನು

ಮೊದಲು ಗಿರ್ರ್ ಗಿರ್ರ್ ಎಂದು ಹಿಡಿಕೆ ತಿರುಗಿಸುವ ಸದ್ದು, ಬೀಸುಕಲ್ಲಿಗೆ ನೆಗಡಿಯಾದ ಹಾಗೆ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಅದಾದ ಮೇಲೆ ಎಲ್ಲೋ ಬಹುದೂರದಲ್ಲಿ, ರಾಯಚೂರಿನಲ್ಲಿ, ನಿದ್ದೆಗಣ್ಣಿನ ಒಬ್ಬ ಗಂಡಸು ‘ಹಾಂ, ಪೋತ್ನಾಳ್, ಬೋಲೋ’ ಎನ್ನುವುದು. ಈ ವಯಸ್ಸಿನಲ್ಲಿ ನನ್ನ ಕಿವಿಗಳು ಹೊರಗಿನ ಸದ್ದುಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತಿವೆ. ಕುಕ್ಕರಿನ ಸೀಟಿ ಹೋಯಿತು, ಬಾಗಿಲ ಕಾಲಿಂಗ್ ಬೆಲ್ ಹೋಯಿತು, ಮೊಮ್ಮಕ್ಕಳ ಪಿಸುಮಾತು ಎಂದೋ ಹೋಯಿತು. ಆ ಗಿರ್ರ್ ಮಾತ್ರ ಹೋಗಿಲ್ಲ. ಹಿಯರಿಂಗ್ ಏಡ್ ಹಾಕಿಕೋ ಎಂದು ಮಗಳು ವರಾತ ಹಚ್ಚುತ್ತಾಳೆ. ಕೇಳಿಸಿಕೊಂಡದ್ದೇ ಸಾಕಾಗಿದೆ ತಾಯಿ ಎಂದು ಹೇಳಲು ನನಗೆ ಸಂಕೋಚ. ನಾಳೆ ನೋಡೋಣ ಎನ್ನುತ್ತೇನೆ. ನಿಮಗಾದರೆ ನಿಜ ಹೇಳಬಹುದು. ನೀವು ನನ್ನ ಮಾತನ್ನು ಓದುತ್ತಿದ್ದೀರಿ, ಕೂಗಬೇಕಾದ ಶ್ರಮ ಇಬ್ಬರಿಗೂ ಇಲ್ಲ.

ರಾಯಚೂರು ಸೀಮೆಯ ನಮ್ಮ ಊರು ಪೋತ್ನಾಳದಲ್ಲಿ ಅಪ್ಪನದು ಸಣ್ಣ ದವಾಖಾನೆ. ಮನೆಯ ಮುಂದಿನ ಪಡಸಾಲೆಯೇ ದವಾಖಾನೆ, ಹಿಂದಿನದೆಲ್ಲ ಮನೆ; ಎರಡರ ನಡುವೆ ಒಂದು ಬಾಗಿಲು, ಆ ಬಾಗಿಲಿಗೆ ನಮ್ಮ ಅಜ್ಜಿಯ ಕಾವಲು. ನಿಜಾಮರ ಆಳ್ವಿಕೆ, ಎರಡನೆಯ ಮಹಾಯುದ್ಧದ ದಿನಗಳು. ಪೆಟ್ರೋಲ್ ಇಲ್ಲದೆ ರಾಯಚೂರಿನ ಬಸ್ಸು ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ದಮ್ಮು ಹತ್ತಿದ ಮುದುಕಿಯಂತೆ ದಿನಕ್ಕೊಮ್ಮೆ ಬೆಳಗ್ಗೆ ಬಂದು ಹೋಗುತ್ತಿತ್ತು. ರಾಯಚೂರಿನಿಂದ ಮಾನ್ವಿಯ ಕಚೇರಿಗೆ ಎಳೆದಿದ್ದ ಫೋನಿನ ತಂತಿಯನ್ನು ಮುಂದಕ್ಕೆ ಒಯ್ಯುತ್ತಾರಂತೆ ಎಂಬ ಸುದ್ದಿ ಬಂದಾಗ ಅಪ್ಪ ಸುತ್ತಲಿನ ಊರುಗಳ ಹಿರಿಯರನ್ನು ಕೂಡಿಸಿ, ಊರಿಗೊಂದು ಫೋನು ನಮ್ಮ ಕೈಗೆಟುಕುವುದಲ್ಲ, ಎಲ್ಲರೂ ಸೇರಿ ಒಂದನ್ನು ತರಿಸೋಣ ಎಂದರು. ರಾಶಿಯ ಕಾಲಕ್ಕೆ ಪ್ರತಿ ಊರೂ, ಪ್ರತಿ ಕೇರಿಯೂ ತನ್ನ ಪಾಲಿನ ಜೋಳ ಅಳೆದು ಕೊಡುವುದು, ಅದನ್ನು ಮಾರಿ ಬಾಡಿಗೆ ಕಟ್ಟುವುದು, ಜೋಳ ಕೊಟ್ಟವರು ಯಾರೇ ಆಗಲಿ ಬಂದು ಮಾತಾಡುವುದು. ಅಪ್ಪನಿಗೆ ಇದು ಬಹಳ ಸಿಂಪಲ್ ಆಗಿ ಕಂಡಿತ್ತು. ಒಳ್ಳೆಯ ಮನುಷ್ಯರಿಗೆ ಎಲ್ಲವೂ ಮೊದಲು ಹಾಗೆಯೇ ಕಾಣುತ್ತದೆ, ಪಾಪ.

ಫೋನು ಬಂತು. ಕರಿಯ ಪೆಟ್ಟಿಗೆ, ಪಕ್ಕದಲ್ಲಿ ಹಿಡಿಕೆ, ಮೇಲೆ ಕಿವಿ ಒಂದು ತುದಿಗೆ ಬಾಯಿ ಒಂದು ತುದಿಗೆ ಇರುವ ರಿಸೀವರ್. ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಬೋರ್ಡರ್ ಆಗಿದ್ದವಳು, ಹಾಲಿಡೇಸ್‌ಗೆ ಮಾತ್ರ ಊರಿಗೆ ಬರುತ್ತಿದ್ದೆ. ಎಲೊಕ್ಯೂಷನ್ ಕ್ಲಾಸಿನಲ್ಲಿ ಸಿಸ್ಟರ್ ನಮಗೆ ಫೋನಿನಲ್ಲಿ ಹೇಗೆ ಮಾತಾಡಬೇಕೆಂದು ಹೇಳಿಕೊಟ್ಟಿದ್ದರು: ಮೆದುವಾಗಿ, ನಗು ಕೇಳಿಸುವ ಹಾಗೆ, ಒಂದೊಂದು ಅಕ್ಷರವನ್ನೂ ಚೆನ್ನಾಗಿ ಉಜ್ಜಿ. ನಮ್ಮ ಪಡಸಾಲೆಯಲ್ಲಿ ಆ ವಿದ್ಯೆಗೆ ಕೆಲಸವಿರಲಿಲ್ಲ. ಕಲ್ಲೂರಿನ ಗೌಡರು ರಿಸೀವರ್ ಹಿಡಿದು, ರಾಯಚೂರು ಯಾವ ಕಡೆಗಿದೆ ಎಂದು ನನ್ನನ್ನು ಕೇಳಿ, ಆ ದಿಕ್ಕಿಗೆ ಮುಖ ತಿರುಗಿಸಿಕೊಂಡೇ ಮಾತು ಶುರುಮಾಡುತ್ತಿದ್ದರು. ಸೊಸೆಯಂದಿರು ಆಚೆಯಿಂದ ಮಾವನ ಧ್ವನಿ ಕೇಳಿದರೆ ಥಟ್ಟನೆ ಸೆರಗು ಹೊದೆಯುತ್ತಿದ್ದರು. ದೇವದುರ್ಗದ ಕಡೆಯ ಗೂಗಲ್ ಎಂಬ ಊರಿನಿಂದ ಬೀಗರ ಮನೆಗೆ ಬಂದಿದ್ದ ಮುದುಕರೊಬ್ಬರಿಗೆ ಯಾರೊಡನೆಯೂ ಮಾತಾಡುವುದಿರಲಿಲ್ಲ. ಸುಮ್ಮನೆ ಕಿವಿಗೆ ಹಿಡಿದು, ತಂತಿಯ ಒಳಗಿನ ಸುಯ್ಯೆನ್ನುವ ಸದ್ದನ್ನು ಕೇಳಿ, ‘ಏ, ಇದರಾಗ ನಮ್ಮ ಹೊಳಿ ಹರಿಯಾಕತ್ತದಲ್ಲ’ ಎಂದು ಕೆಳಗಿಟ್ಟರು. ಕೃಷ್ಣೆಯ ದಂಡೆಯ ಮೇಲೇ ಬದುಕಿದವರು, ಅವರಿಗೆ ಗೊತ್ತಿರಬೇಕು.

ಅಜ್ಜಿಯ ತಕರಾರು ಬೇರೆ. ಮಡಿಯ ಮನೆಯಲ್ಲಿ ಹತ್ತು ಊರ ಜನ ಬಾಯಿ ಹಚ್ಚುವ ವಸ್ತು ಒಂದು ಬಂದು ಕೂತಿದೆ. ಅಪ್ಪ ಪಟ್ಟು ಬಿಡಲಿಲ್ಲ, ಅಜ್ಜಿಯೂ ಬಿಡಲಿಲ್ಲ. ಕೊನೆಗೆ ನಮ್ಮ ಮನೆಗಳಲ್ಲಿ ಯಾವಾಗಲೂ ಆಗುವಂತೆ ನಡುವೆ ಒಂದು ಒಪ್ಪಂದವಾಯಿತು. ಕೇರಿಯ ಜನ ಪಡಸಾಲೆ ಹತ್ತಬೇಕಿಲ್ಲ, ರಿಸೀವರಿನ ದಾರ ಎರಡನೆಯ ಮೆಟ್ಟಿಲಿಗೆ ಮುಟ್ಟುತ್ತದೆ, ಅಲ್ಲಿ ನಿಂತು ಮಾತಾಡಲಿ. ಮಾತು ಮುಗಿದ ಮೇಲೆ ಅಜ್ಜಿ ಒದ್ದೆ ಬಟ್ಟೆಯಿಂದ ಅದನ್ನು ಒರೆಸಲಿ. ಒರೆಸುವಾಗ ಅವರದೊಂದು ತರ್ಕವಿತ್ತು. ಬಾಯಿಯ ತುದಿಯನ್ನು ಮಾತ್ರ ಒರೆಸುತ್ತಿದ್ದರು. ಇನ್ನೊಂದು ತುದಿ ಯಾಕೆ ಬಿಟ್ಟಿರಿ ಎಂದು ನಾನು ಕೆಣಕಿದರೆ, ‘ಕಿವಿಗೆ ಎಲ್ಲಿ ಎಂಜಲ ಅದನೇ, ಹುಚ್ಚಿ? ಎಂಜಲ ಇರೂದು ಬಾಯಿಗೆ’ ಎಂದರು. ಲಾಜಿಕ್ಕಿನಲ್ಲಿ ದೋಷವಿರಲಿಲ್ಲ.

ಇನ್ನು ಯಲ್ಲವ್ವ. ಕೇರಿಯವಳು, ಗಂಡ ಸತ್ತವಳು, ಕೆರೆಯ ಕೆಳಗಿನ ನಮ್ಮ ಗದ್ದೆಯ ನಾಟಿಗೆ ಬರುತ್ತಿದ್ದವಳು. ಅವಳಿಗೆ ಒಬ್ಬಳೇ ಮಗಳು ದುರ್ಗವ್ವ, ಹೆಚ್ಚುಕಡಿಮೆ ನನ್ನ ವಯಸ್ಸು. ಕೈ ಚುರುಕು, ರಕ್ತ ಕಂಡರೆ ಹೆದರದ ಹುಡುಗಿ; ಅಪ್ಪ ಹೇಳಿ ಅವಳನ್ನು ರಾಯಚೂರಿನ ಮಿಷನ್ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿಸಿದ್ದರು. ಅಲ್ಲಿಯ ಮೇಟ್ರನ್ನಿಗೆ ಅವಳು ಮೆಚ್ಚಾದಳು. ನರ್ಸ್ ಟ್ರೇನಿಂಗಿಗೆ ಮದ್ರಾಸಿನ ಕಡೆಗೆ ಹೊರಟಿದ್ದ ಹುಡುಗಿಯರ ಗುಂಪಿನಲ್ಲಿ ಅವಳನ್ನೂ ಕಳಿಸುತ್ತೇನೆ, ತಾಯಿ ಒಪ್ಪಿದರೆ ಮಾತ್ರ, ಎಂದರು. ಇತ್ತ ದುರ್ಗವ್ವಳನ್ನು ಹುಟ್ಟಿದಾಗಲೇ ದೇವದುರ್ಗದ ಸೋದರಮಾವನಿಗೆ ಕೊಡುವುದೆಂದು ಅಂದುಕೊಂಡಿದ್ದರು. ಅವನೂ ಕೆಟ್ಟವನಲ್ಲ, ಕಾದು ಕಾದು ಬೇಸತ್ತು ಅವಳನ್ನು ಕರೆದುಕೊಂಡು ಹೋಗಲು ರಾಯಚೂರಿಗೇ ಬಂದು ಕೂತಿದ್ದ. ಹುಡುಗಿ ಬಸ್ಸಿನ ಡ್ರೈವರನ ಕೈಯಲ್ಲಿ ಹೇಳಿಕಳಿಸಿದಳು: ಸಂತೆಯ ಮರುದಿನ ಮಧ್ಯಾಹ್ನ ಆಸ್ಪತ್ರೆಯಿಂದ ಫೋನು ಮಾಡುತ್ತೇನೆ, ಯವ್ವ ಡಾಕ್ಟರ ಮನೆಗೆ ಬಂದಿರಲಿ, ಹೋಗು ಅಂದರೆ ಸಂಜೆಯ ರೈಲಿಗೆ ಹೋಗುತ್ತೇನೆ, ಬೇಡ ಅಂದರೆ ಮಾವನ ಜೊತೆ.

ಯಲ್ಲವ್ವ ಹೊತ್ತಿಗೆ ಮುಂಚೆಯೇ ಬಂದು ಮೆಟ್ಟಿಲ ಬಳಿ ಕೂತಳು. ಏನು ಹೇಳುತ್ತೀ ಎಂದು ನಾನು ಕೇಳಿದೆ. ‘ಹೋಗು ಅಂತೀನ್ರೀ, ಅಕ್ಕಾರ. ನನ್ನ ತಮ್ಮ ನನ್ನ ಕೂಡ ಮಾತು ಬಿಡ್ತಾನ, ಬಿಡಲಿ ಬಿಡ್ರಿ. ನನ್ನ ಕೈ ನೋಡ್ರಿ, ಕೆಸರಾಗ ನೆನದು ನೆನದು ಹ್ಯಾಂಗ ಆಗ್ಯಾವು. ಅಕಿ ಕೈ ಹಂಗಾಗಬಾರದು.’ ಬಾಗಿಲ ಹಿಂದಿನಿಂದ ಅಜ್ಜಿ, ಮೆಟ್ಟಿಲು ಬಿಟ್ಟು ಮೇಲೆ ಬರಬೇಡ ಎಂದು ನೆನಪಿಸಿದರು. ‘ಬರೂದಿಲ್ರೀ, ಅವ್ವಾರ. ಆದ್ರ ನಮ್ಮ ಕೇರಿ ಜೋಳಾನೂ ಈ ಪೆಟಗ್ಯಾಗ ಅದ’ ಎಂದಳು ಯಲ್ಲವ್ವ, ನಗುತ್ತಲೇ. ಅಜ್ಜಿಗೂ ಒಳಗೆ ನಗು ಬಂದಿತ್ತೆಂದು ನನ್ನ ನಂಬಿಕೆ.

ಆದರೆ ಅಂದು ಬೆಳಗ್ಗೆ ಒಂದು ಸಂಗತಿ ನಡೆದಿತ್ತು. ಹಿಂದಿನ ದಿನದ ಸಂತೆಗೆ ಬಂದವರೆಲ್ಲ ಫೋನಿಗೆ ಮುಗಿಬಿದ್ದಿದ್ದರು. ಇಷ್ಟು ಬಾಯಿಗಳ ಎಂಜಲು ಬರೀ ಒರೆಸಿದರೆ ಹೋಗುವುದಿಲ್ಲವೆಂದು, ಅಪ್ಪ ಹೆರಿಗೆಯೊಂದಕ್ಕೆ ಕಲ್ಲೂರಿಗೆ ಹೋದ ಸಮಯ ನೋಡಿ, ಅಜ್ಜಿ ಹುಣಸೆಹಣ್ಣು ಕಿವುಚಿದ ನೀರಿನಲ್ಲಿ ರಿಸೀವರಿನ ಬಾಯಿಯನ್ನು ದೇವರ ಪಾತ್ರೆ ತೊಳೆದಂತೆ ತೊಳೆದು, ಆ ಸಣ್ಣ ತೂತುಗಳೊಳಗೂ ನೀರು ಇಳಿಸಿ, ಬಿಸಿಲಿಗೆ ಒಣಗಿಸಿ ಇಟ್ಟಿದ್ದರು. ಕಿವಿಯ ತುದಿಯನ್ನು, ತಮ್ಮ ತರ್ಕಕ್ಕೆ ನಿಷ್ಠರಾಗಿ, ಮುಟ್ಟಿರಲಿಲ್ಲ.

ಗಂಟೆ ಬಾರಿಸಿತು. ನಾನೆತ್ತಿ, ಸಿಸ್ಟರ್ ಕಲಿಸಿದ ಇಂಪಿನಲ್ಲಿ ಹಲೋ ಎಂದೆ. ಆಪರೇಟರ್ ಉತ್ತರಕ್ಕೆ ಕಾಯದೆ ಏನೋ ಗೊಣಗಿ ಲೈನು ಕೊಟ್ಟ. ರಿಸೀವರ್ ಯಲ್ಲವ್ವನ ಕೈಗೆ ಕೊಟ್ಟು ಮೇಲಿನ ಮೆಟ್ಟಿಲಲ್ಲಿ ನಾನು ನಿಂತೆ. ದುರ್ಗವ್ವ ಅಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದಳು, ನನಗೂ ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು.

‘ಯವ್ವಾ, ಗಾಡಿ ಸಂಜಿಗೆ ಅದ. ಮೇಡಮ್ಮಾರು ಇಲ್ಲೇ ನಿಂತಾರ. ಹೋಗ್ಲೇನು?’

ಯಲ್ಲವ್ವನ ಮುಖ ನೋಡಬೇಕಿತ್ತು ನೀವು. ಮಗಳ ಧ್ವನಿ ಕೈಯೊಳಗೆ ಬಂದು ಕೂತಿದೆ! ಮೊದಲು ನಕ್ಕಳು, ಆಮೇಲೆ ಗದ್ದೆಯ ಈ ಬದುವಿನಿಂದ ಆ ಬದುವಿನವರನ್ನು ಕರೆಯುವಂತೆ ಕೊರಳೆತ್ತಿ ಕೂಗಿದಳು.

‘ಹೋಗು ಬೇ. ಹೋಗು ನನ್ನವ್ವ. ಮಾವಗ ನಾ ಹೇಳ್ತೀನಿ, ನೀ ಹೋಗು.’

‘ಯವ್ವಾ? ಅದೀಯೇನು?’

‘ಅದೀನಿ ಬೇ. ಹೋಗು ಅನ್ನಾಕತ್ತೀನಿ.’

ಆಚೆ ದುರ್ಗವ್ವ ತನ್ನ ಪಕ್ಕದಲ್ಲಿದ್ದ ಮೇಡಮ್ಮನವರಿಗೆ ಹೇಳುತ್ತಿದ್ದದ್ದು ಕೇಳಿಸಿತು: ‘ಫೋನು ಎತ್ಯಾಳ್ರೀ, ಆದ್ರ ಮಾತಾಡವಲ್ಲಳು.’ ನಮ್ಮ ಸೀಮೆಯ ತಾಯಂದಿರು ಬೇಡವೆಂದು ಬಾಯಿಬಿಟ್ಟು ಹೇಳುವವರಲ್ಲ. ಒಪ್ಪಿಗೆ ಇಲ್ಲದಿದ್ದರೆ ಮಾತು ಬಿಡುತ್ತಾರೆ; ಮೂರು ದಿನ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತರೆ ಮನೆಯವರೆಲ್ಲ ತಿಳಿದುಕೊಳ್ಳುತ್ತಾರೆ. ಆ ಭಾಷೆಯನ್ನು ದುರ್ಗವ್ವ ಮೊಲೆಹಾಲಿನ ಜೊತೆಗೇ ಕಲಿತವಳು. ಯಲ್ಲವ್ವ ಇತ್ತ ಕೂಗುತ್ತಲೇ ಇದ್ದಳು, ಓಣಿಯ ಜನ ಬಂದು ನಿಂತಿದ್ದರು, ಗೌಡರ ಆಳೊಬ್ಬ ಇನ್ನೂ ಜೋರಾಗಿ ಕೂಗು ಎಂದು ಉಮೇದು ತುಂಬುತ್ತಿದ್ದ. ಆ ಸಣ್ಣ ಧ್ವನಿ ಮತ್ತೆ ಬಂತು.

‘ಆತು ಬಿಡವ್ವ. ಸಿಟ್ಟಾಗಬ್ಯಾಡ. ಹೋಗೂದಿಲ್ಲ.’

ಲೈನು ಹೋಯಿತು. ನಾನು ಹಿಡಿಕೆ ತಿರುಗಿಸಿ ಆಪರೇಟರನನ್ನು ಎಬ್ಬಿಸಿದೆ. ‘ಹಲೋ, ಕೌನ್?’ ಎಂದ. ಕನ್ನಡದಲ್ಲಿ ಹೇಳಿದೆ, ಉರ್ದುವಿನಲ್ಲಿ ಹೇಳಿದೆ, ಪ್ಲೀಸ್ ಪ್ಲೀಸ್ ಎಂದು ಇಂಗ್ಲಿಷಿನಲ್ಲೂ ಬೇಡಿದೆ. ಮೂರರಲ್ಲಿ ಒಂದೂ ಅವನನ್ನು ಮುಟ್ಟಲಿಲ್ಲ. ಯಾರೋ ಆಟವಾಡುತ್ತಿದ್ದಾರೆಂದು ಬೈದು ಇಟ್ಟುಬಿಟ್ಟ. ಅಂದಿನ ಬಸ್ಸು ಬೆಳಗ್ಗೆಯೇ ಹೋಗಿತ್ತು. ಮಾನ್ವಿಯ ಕಚೇರಿಯ ಫೋನಿಗೆಂದು ಯಲ್ಲವ್ವ ಬಿಸಿಲಲ್ಲಿ ನಡೆದೇ ಹೊರಟಳು. ತಲುಪುವ ಹೊತ್ತಿಗೆ ಕಚೇರಿಗೆ ಬೀಗ ಬಿದ್ದಿತ್ತು. ಮರುದಿನದ ಬಸ್ಸಿಗೆ ರಾಯಚೂರು ಮುಟ್ಟಿದಾಗ ಮಗಳು ಮಾವನ ಜೊತೆ ದೇವದುರ್ಗದ ಹಾದಿ ಹಿಡಿದಾಗಿತ್ತು. ಯಲ್ಲವ್ವ ಅಲ್ಲಿಗೆ ಹೋಗುವಷ್ಟರಲ್ಲಿ ಮದುವೆಗೆ ಅರಿಸಿನ ಹಚ್ಚಿಯಾಗಿತ್ತು. ಹಾಗೆ ಕೂರಿಸಿದ ಮಗಳನ್ನು ಎಬ್ಬಿಸಿ ತರುವ ಧೈರ್ಯ ಆ ಕಾಲದಲ್ಲಿ ಯಾವ ತಾಯಿಗಿತ್ತು?

ಅಪ್ಪ ಬಂದು ಬಾಯಿಯ ಮುಚ್ಚಳ ತಿರುಗಿಸಿ ತೆಗೆದರು. ಮಾತನ್ನು ತಂತಿಗೆ ದಾಟಿಸುವ ಒಳಗಿನ ಇದ್ದಲಿನ ಪುಡಿ ನೆನೆದು ಹೆಪ್ಪುಗಟ್ಟಿತ್ತು. ‘ಬಾಯಾಗ ಇದ್ದಲಿ ಇರ್ತದ ಅಂತ ನನಗೇನು ಗೊತ್ತೋ’ ಎಂದರು ಅಜ್ಜಿ. ಹೊಸ ಬಾಯಿ ಹಾಕಿಸಿಕೊಂಡು ಫೋನು ಮತ್ತೆ ಮಾತಾಡಿತು. ಅಜ್ಜಿ ಮಾತ್ರ ಅದರ ಹತ್ತಿರ ಸುಳಿಯಲಿಲ್ಲ.

ಅಜ್ಜಿಯನ್ನು ದೂರಿ ಎಷ್ಟೋ ವರ್ಷ ಕಳೆದೆ. ಈಗ ದೂರುವ ಶಕ್ತಿಯೂ ಇಲ್ಲ. ಅವರು ಫೋನನ್ನು ಬೇಡವೆನ್ನಲಿಲ್ಲ, ಹಂಚಿಕೊಳ್ಳಲು ತಮ್ಮ ಕೈಲಾದಷ್ಟು ಒಪ್ಪಿದರು, ಆ ಒಪ್ಪಿಗೆಯ ಬೆಲೆಯೆಂದು ತೊಳೆದರು. ನಮ್ಮಲ್ಲಿ ಹಂಚಿಕೆ ಎಂದರೆ ಬಹುಮಟ್ಟಿಗೆ ಕಿವಿಯದು. ಕೇಳಿಸಿಕೊಳ್ಳಲು ಎಲ್ಲರನ್ನೂ ಕರೆಯುತ್ತೇವೆ, ಕೇಳಿಸಿಕೊಂಡರೆ ಮೈಲಿಗೆ ಇಲ್ಲ. ಅವರು ಬಾಯಿ ತೆರೆದಾಗಲೇ ನಮಗೆ ಹುಣಸೆಹಣ್ಣು ನೆನಪಾಗುವುದು. ಇಂದು ಪೋತ್ನಾಳದಲ್ಲಿ ಟವರ್ ಇದೆಯಂತೆ, ಗದ್ದೆಯಲ್ಲಿ ನಾಟಿ ಹಚ್ಚುವ ಹೆಣ್ಣುಮಕ್ಕಳ ಸೊಂಟದಲ್ಲೂ ಮೊಬೈಲ್ ಇದೆಯಂತೆ. ಸಂತೋಷ. ಅವರು ಹೇಳಿದ್ದು ಆಚೆಯ ತುದಿಗೆ ಮುಟ್ಟುತ್ತಿದೆಯೇ ಎಂದು ಕೇಳಬೇಕೆನಿಸುತ್ತದೆ; ಕೇಳಿದರೆ ಮುದುಕಿಗೆ ಅರಳುಮರಳು ಎನ್ನುತ್ತಾರೆ.

ದುರ್ಗವ್ವಳನ್ನು ಕೊನೆಯ ಬಾರಿ ಕಂಡದ್ದು ದೇವದುರ್ಗದಲ್ಲಿ. ನಿಜಾಮರ ಆಳ್ವಿಕೆ ಮುಗಿದು ಹೆಚ್ಚು ದಿನವಾಗಿರಲಿಲ್ಲ. ನೆಂಟರ ಮನೆಯ ಮುಂಜಿವೆ ಮುಗಿಸಿಕೊಂಡು ನಾನು ಬಸ್ಸಿಗೆ ಕಾದಿದ್ದೆ. ರಸ್ತೆಯ ಪಕ್ಕ ಹೊಸದಾಗಿ ತಂತಿಯ ಕಂಬ ನೆಡಲು ಗುಂಡಿ ತೋಡುತ್ತಿದ್ದರು. ಮಣ್ಣಿನ ಬುಟ್ಟಿ ಹೊತ್ತಿದ್ದ ಹೆಂಗಸರಲ್ಲಿ ಒಬ್ಬಳು ಬುಟ್ಟಿ ಇಳಿಸಿ ನನ್ನ ಕಡೆ ಬಂದಳು. ಗುರುತು ಹತ್ತಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಮಕ್ಕಳು ಎರಡು ಎಂದಳು, ಗಂಡ ಒಳ್ಳೆಯವನು ಎಂದಳು, ಯವ್ವ ಹೋದ ಬೇಸಿಗೆಯಲ್ಲಿ ತೀರಿಕೊಂಡಳು ಎಂದಳು. ಅವತ್ತು ನಿಮ್ಮವ್ವ ಹೋಗು ಎಂದಿದ್ದಳು, ಗೊತ್ತೇ ಎಂದು ನಾನು ಮೆಲ್ಲನೆ ಕೇಳಿದೆ.

‘ಗೊತ್ತದರೀ, ಅಕ್ಕಾರ. ಸಾಯೂತನ ಹೇಳಿದ್ಲು. ಹೇಳಿದಾಗೊಮ್ಮೆ ಅಳತಿದ್ಲು. ಅಳಕೋತ ಅಂದದ್ದು ನನಗ ಬ್ಯಾಡ.’ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. ‘ಅವತ್ತು ಹ್ಯಾಂಗ ಅಂದ್ಲು? ಬ್ಯಾಸತ್ತು ಅಂದ್ಲೋ, ಮನಸಿನಿಂದ ಅಂದ್ಲೋ? ನೀವು ಬಾಜೂಕ ಇದ್ರೆಲ್ಲ. ಅಕಿ ಅಂದಂಗ ಒಮ್ಮೆ ಅಂದು ತೋರಸ್ರಿ.’

ಸುತ್ತ ಜನ. ಬಸ್ಸು ಆಗಲೇ ಬಂದು ನಿಂತಿತ್ತು. ನಾನು ಮೊದಲು ಮೆಲ್ಲನೆ ಹೇಳಿದೆ. ಹಾಗಲ್ಲವೆಂದು ನನಗೇ ಗೊತ್ತಾಯಿತು. ಯಲ್ಲವ್ವ ಮೊದಲು ನಕ್ಕಿದ್ದಳು, ಅದನ್ನು ಬಿಟ್ಟಿದ್ದೆ. ಆಮೇಲೆ ನಕ್ಕು, ಕೊರಳೆತ್ತಿ, ಗದ್ದೆಯ ಬದುವಿನ ಮೇಲೆ ನಿಂತವಳಂತೆ ಕೂಗಿದೆ, ಹೋಗು ಬೇ, ಹೋಗು ನನ್ನವ್ವ, ಎಂದು. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು, ಕಂಡಕ್ಟರ್ ತನಗೇ ಹೇಳಿದರೆಂದು ಸೀಟಿ ಊದಿದ. ದುರ್ಗವ್ವ ತಲೆ ತಗ್ಗಿಸಿ, ಕಣ್ಣು ಮುಚ್ಚಿ ಕೇಳಿದಳು. ಇನ್ನೊಮ್ಮೆ ಅನ್ನಿರಿ ಎಂದಳು. ಇನ್ನೊಮ್ಮೆ ಅಂದೆ.

‘ನಗತಿದ್ಲೇನು?’ ಎಂದಳು.

‘ನಗತಿದ್ಲು’ ಎಂದೆ.

ಬಸ್ಸು ಹೊರಟಿತು. ಕಿಟಕಿಯಿಂದ ನೋಡಿದೆ: ಗುಂಡಿಯ ಅಂಚಿನಲ್ಲಿ ನಿಂತು, ಬುಟ್ಟಿಯನ್ನು ಇನ್ನೂ ಎತ್ತದೆ, ಪಕ್ಕದ ಹೆಂಗಸಿಗೆ ಅವಳು ಏನನ್ನೋ ಹೇಳುತ್ತಿದ್ದಳು, ಕೊರಳೆತ್ತಿ, ಬಾಯಿ ಅಗಲಿಸಿ, ಕೈ ಬೀಸಿ. ಎಂಜಿನ್ನಿನ ಗದ್ದಲದಲ್ಲಿ ಒಂದಕ್ಷರವೂ ನನಗೆ ಕೇಳಿಸಲಿಲ್ಲ. ಆ ಹೆಂಗಸು ಮಾತ್ರ ತನ್ನ ಬುಟ್ಟಿ ಇಳಿಸಿ ಕೇಳುತ್ತಾ ನಿಂತಿದ್ದಳು.